ಕ್ಲಿಪ್ಪಿನಿಂದ ಹೂವು ಕಿತ್ತು ಬರುವುದೇಕೆ?

ಬಿಸಿನೀರಲ್ಲಿ ಮೆತ್ತಗಾಗುವ ಬಿಳಿ ಪ್ಲಾಸ್ಟಿಕ್ ಕಾಳಿನಿಂದ ಕಾಫಿ ಹೂವಿನ ಹೇರ್ ಕ್ಲಿಪ್ ಮಾಡುವವರು ಹೆಚ್ಚಾಗಿ ಕೇಳುವುದು ಇದನ್ನೇ: "ಹೂವು ಚೆನ್ನಾಗೇ ಬಂತು, ನಾಲ್ಕು ದಿನಕ್ಕೆ ಕ್ಲಿಪ್ಪಿನಿಂದ ಕಳಚಿ ಬಿತ್ತು. ಯಾವ ಅಂಟು ಹಾಕಬೇಕು?"

ಅಂಟು ಬೇಡ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಈ ಪ್ಲಾಸ್ಟಿಕ್ ನುಣುಪಾದ ಲೋಹವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಆರುವಾಗ ಚೂರು ಕುಗ್ಗುತ್ತದೆ ಕೂಡ. ಕ್ಲಿಪ್ ಹಾಕಿ ತೆಗೆಯುವಾಗಲೆಲ್ಲ ಅದರ ಲೋಹದ ಪಟ್ಟಿ ಬಾಗಿ ಅಂಟು ಬಿಡುತ್ತಾ ಹೋಗುತ್ತದೆ. ಇದನ್ನು ಅಂಟಿಸಬಾರದು, ಸಿಕ್ಕಿಸಬೇಕು.

ಅದಕ್ಕೆ ಹಿಂದೆ ಕೊಂಡಿ ಒತ್ತಿ ಮುಚ್ಚುವ ಲೋಹದ ಫ್ರೆಂಚ್ ಕ್ಲಿಪ್ಪೇ ಸರಿ. ಮೇಲಿನ ಪಟ್ಟಿಯ ಎರಡೂ ತುದಿಯಲ್ಲಿ ಸಣ್ಣ ತೂತಿರುವುದನ್ನು ನೋಡಿ ಕೊಂಡುಕೊಳ್ಳಿ. 6 ಸೆಂಟಿಮೀಟರಿನದಕ್ಕೆ 4–5 ಗ್ರಾಂ ಕಾಳು, ಅಂದರೆ ಒಂದೂವರೆ ಟೀ ಚಮಚ ಸಾಕು.

ಪ್ಲಾಸ್ಟಿಕ್ ಕರಗುವುದು ಸುಮಾರು 60 ಡಿಗ್ರಿಗೆ, ನೀರು 65–70 ಇರಲಿ. ಮಡಿಕೇರಿಯ ಎತ್ತರದಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಎರಡು ಲೋಟ ಕುದಿಯುವ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿ. ಪಾತ್ರೆ ಸ್ಟೀಲಿನದ್ದೇ ಆಗಬೇಕು, ಪ್ಲಾಸ್ಟಿಕ್ ಡಬ್ಬಿಗೆ ಕಾಳು ಕಚ್ಚಿಕೊಳ್ಳುತ್ತದೆ. ಬಿಳಿ ಕಾಳು ಗಾಜಿನಂತೆ ಪಾರದರ್ಶಕವಾದ ಮೇಲೆಯೇ ಚಮಚದಿಂದ ಎತ್ತಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ.

ಕ್ಲಿಪ್ಪಿನ ನಡುವಿನ ಬಾಗಿದ ಸ್ಪ್ರಿಂಗ್ ಪಟ್ಟಿ ಬಿಚ್ಚಿಡಿ. ಉಳಿದ ಕ್ಲಿಪ್ಪನ್ನೂ ಅದೇ ನೀರಿಗೆ ಹಾಕಿ. ಮಳೆಗಾಲದ ಕೊಡಗಿನ ಚಳಿಯಲ್ಲಿ ತಣ್ಣನೆಯ ಲೋಹ ತಾಗಿದ ಕ್ಷಣವೇ ಪ್ಲಾಸ್ಟಿಕ್ ಬಿಗಿಯುತ್ತದೆ, ತೂತಿನೊಳಗೆ ಇಳಿಯುವುದೇ ಇಲ್ಲ. ಬಿಸಿ ಪಟ್ಟಿಯ ನೀರೊರೆಸಿ, ಮೇಲೆ ಎರಡು ಮಿಲಿಮೀಟರ್ ದಪ್ಪಕ್ಕೆ ಪ್ಲಾಸ್ಟಿಕ್ ಹರಡಿ, ತೂತಿನ ಮೇಲೆ ಹೆಬ್ಬೆರಳಿನಿಂದ ಒತ್ತಿ. ಕೆಳಗೆ ಇಣುಕಿದ ತುಣುಕನ್ನು ಅಣಬೆಯ ತಲೆಯಂತೆ ಚಪ್ಪಟೆ ಮಾಡಿದರೆ ಅದೇ ಬೀಗ. ಅದು ಒಂದು ಮಿಲಿಮೀಟರಿಗಿಂತ ದಪ್ಪವಾದರೆ ಕ್ಲಿಪ್ ಮುಚ್ಚಿಕೊಳ್ಳುವುದಿಲ್ಲ.

ಹೂವಿಗೆ ಬಣ್ಣವೇ ಬೇಡ. ಆರಿದಾಗ ಬರುವ ಹಾಲುಬಿಳಿ, ಹೂಮಳೆ ಬಿದ್ದ ಮೇಲೆ ತೋಟದಲ್ಲಿ ಅರಳುವ ಹೂವಿನ ಬಿಳಿಯೇ. ಕರಿಮೆಣಸಿನ ಕಾಳಿನಷ್ಟು ಉಂಡೆಯೊಂದನ್ನು ಒತ್ತಿ ಎಳೆದರೆ ಒಂದು ಎಸಳು. ಅರೇಬಿಕಾ ಹೂವಿಗೆ ಐದು ಎಸಳು, ಒಂದು ಕ್ಲಿಪ್ಪಿಗೆ ಮೂರು ಹೂವು. ಗಿಣ್ಣಿನಲ್ಲಿ ಹೂವು ಒತ್ತೊತ್ತಾಗಿ ಕೂರುವ ಹಾಗೆ ಇವನ್ನೂ ಒತ್ತಾಗಿಯೇ ಕೂರಿಸಿ, ಚೆಂದವೂ ಹೌದು, ಬಲವೂ ಹೌದು. ತಲೆಗೆ ವಸ್ತ್ರ (ಕೊಡವ ಹೆಂಗಸರ ತಲೆಬಟ್ಟೆ) ಕಟ್ಟುವವರಿಗೆ ಮಾಡುವುದಾದರೆ ಎಸಳಿನ ತುದಿ ದುಂಡಗಿರಲಿ, ಇಲ್ಲವಾದರೆ ಬಟ್ಟೆಯ ನೂಲು ಎಳೆಯುತ್ತದೆ.

ಎಸಳು ಮಾತ್ರ ಉದುರುವುದಕ್ಕೆ ಕಾರಣ ಬೇರೆ: ಪದರಗಳ ನಡುವೆ ಉಳಿದ ನೀರು, ಅಥವಾ ಬಿಸಿಯ ಮೇಲೆ ತಣ್ಣನೆಯದನ್ನು ಕೂರಿಸಿದ್ದು. ಕೂಡುವ ಎರಡೂ ಮುಖಗಳನ್ನು ಹೇರ್ ಡ್ರೈಯರಿನಿಂದ ಒಣಗಿಸಿ, ಎರಡೂ ಪಾರದರ್ಶಕವಾಗುವವರೆಗೆ ಕಾಯಿಸಿ ಒತ್ತಿ. ಒಂದು ಕಡೆ ಬಿಳಿ ಉಳಿದಿದ್ದರೂ ಅದು ಬೆಸುಗೆಯಲ್ಲ.

ಪ್ಲಾಸ್ಟಿಕ್ಕಿಗೆ ಮಳೆಯ ತೇವದಿಂದ ತೊಂದರೆಯಿಲ್ಲ, ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಪೂರ್ತಿ ಒಣಗಿಸಿಯೇ ಸ್ಪ್ರಿಂಗ್ ಹಾಕಿ. ಮುಡಿದುಕೊಂಡು ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಇಡಬೇಡಿ, ಹೂವು ಮುದುಡುತ್ತದೆ. ಮುದುಡಿದ್ದನ್ನು ಬಿಸಿನೀರಿಗೆ ಹಾಕಿ ಮತ್ತೆ ಹೂವು ಮಾಡಬಹುದು. ಮೇಲೆ ಬಣ್ಣ ಬಳಿದಿದ್ದರೆ ಮೊದಲು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಒಳಗೆ ಬೆರೆತು ಬಿಳಿ ಮಂಕಾಗುತ್ತದೆ.