ಅಜ್ಜಿಗೆ ಓದೋಕೆ ಫಿನ್ನಿಶ್ ಬೇಸಿಗೆ ಪುಸ್ತಕಗಳು: ಏಳನೇ ವಾರ

ಜೂನ್ ಮೊದಲ ವಾರ ಶುರು ಮಾಡಿದ ಕೆಲಸ ಇದು. ನಾವಿರುವುದು ಹೆಲ್ಸಿಂಕಿಯಲ್ಲಿ. ಮಗಳಿಗೆ ಐದು ವರ್ಷ. ಡೇಕೇರ್‌ನಲ್ಲಿ ಫಿನ್ನಿಶ್, ಮನೆಯಲ್ಲಿ ಕನ್ನಡ. ಹಾಸನದಲ್ಲಿರುವ ನಮ್ಮಮ್ಮನಿಗೆ ಮೊಮ್ಮಗಳಿಗೆ ಕಥೆ ಓದಿ ಹೇಳುವ ಆಸೆ. ಆದರೆ ಇವಳು ಲೈಬ್ರರಿಯಿಂದ ಎತ್ತಿಕೊಂಡು ಬರುವುದೆಲ್ಲ ಫಿನ್ನಿಶ್ ಚಿತ್ರಪುಸ್ತಕ. ಅದಕ್ಕೆ ನಾನು ಪ್ರತಿ ಪುಟದ ಮಾತನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆಯುತ್ತೇನೆ. ಚೀಟಿಯ ಫೋಟೊ ಅಮ್ಮನಿಗೆ ಹೋಗುತ್ತದೆ. ಇಲ್ಲಿ ಸಂಜೆ ಆರಾದಾಗ ಅಲ್ಲಿ ರಾತ್ರಿ ಎಂಟೂವರೆ. ವಿಡಿಯೊ ಕರೆಯಲ್ಲಿ ಅಮ್ಮ ಓದುತ್ತಾರೆ, ಇವಳು ಪುಟ ತಿರುಗಿಸಿ ಚಿತ್ರ ತೋರಿಸುತ್ತಾಳೆ.

ಬೇಸಿಗೆ ಮತ್ತು ದಿನದ ಬದುಕಿನ ಪುಸ್ತಕಗಳೇ ಬೇಕು ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಮೊಮ್ಮಗಳು ಇಲ್ಲಿ ಏನು ತಿನ್ನುತ್ತಾಳೆ, ಎಲ್ಲಿ ಆಡುತ್ತಾಳೆ ಅನ್ನುವುದು ಅಮ್ಮನಿಗೆ ಕಾಣಲಿ ಅಂತ. ಹತ್ತು ಪುಸ್ತಕದ ಗುರಿ. ಈಗ ನಾಲ್ಕು ಮುಗಿದಿವೆ, ಒಂದನ್ನು ಬದಿಗಿಟ್ಟಿದ್ದೇನೆ.

ವಾರ 1 ಮತ್ತು 2

ಲೈಬ್ರರಿ ಪುಸ್ತಕ 28 ದಿನ ಇಟ್ಟುಕೊಳ್ಳಬಹುದು, ದುಡ್ಡಿಲ್ಲ. ಆದರೆ ಪುಟಕ್ಕೆ ಏನೂ ಆಗಬಾರದು, ಅಲ್ವಾ. ಮೊದಲು ನಮ್ಮದೇ ಒಂದು ಹಳೆ ಪುಸ್ತಕಕ್ಕೆ ಚೀಟಿ ಅಂಟಿಸಿ ನೋಡಿದೆ. ಎರಡು ದಿನ ಬಿಟ್ಟು ಕಿತ್ತರೆ ಚಿತ್ರದ ಬಣ್ಣವೂ ಜೊತೆಗೆ ಬಂತು. ಅವತ್ತಿನಿಂದ ಅಂಟು ಬಿಟ್ಟೆ. ತೆಳು ಕಾಗದದ ಚೀಟಿ ಸುಮ್ನೆ ಪುಟದ ನಡುವೆ ಇಡುತ್ತೇನೆ. ಪುಸ್ತಕ ವಾಪಸ್ ಹೋಗುವ ದಿನ ಚೀಟಿಗಳು ನೋಟ್‌ಬುಕ್ಕಿಗೆ ಬರುತ್ತವೆ.

ಮೊದಲು ತೆಗೆದುಕೊಂಡದ್ದು ಕ್ರಿಸ್ಟೀನಾ ಲೌಹಿ ಅವರ ತೊಂಪ್ಪ ಸರಣಿಯ ಒಂದು ಪುಸ್ತಕ. ತೊಂಪ್ಪ ಚಿಕ್ಕ ಮಗು, ಮಾತು ತುಂಬ ಕಡಿಮೆ. ಒಂದೇ ಸಂಜೆಯಲ್ಲಿ ಮುಗಿಯಿತು.

ವಾರ 3: ಯುಹನ್ನುಸ್

ಜೂನ್ 20ರಿಂದ 26ರ ನಡುವೆ ಬರುವ ಶನಿವಾರ ಇಲ್ಲಿ ನಡುಬೇಸಿಗೆಯ ಹಬ್ಬ, ಅದೇ ಯುಹನ್ನುಸ್. ಊರು ಖಾಲಿಯಾಗುತ್ತದೆ. ಜನ ಕೆರೆದಂಡೆಯ ಬೇಸಿಗೆ ಮನೆಗೆ ಹೋಗಿ ಸೌನದ ಬಿಸಿ ಹಬೆಯ ಕೋಣೆಯಲ್ಲಿ ಬೆವರಿ, ಬರ್ಚ್ ಸೊಪ್ಪಿನ ಕಟ್ಟಿನಿಂದ ಮೈ ತಟ್ಟಿಕೊಂಡು, ನೀರಿಗೆ ಹಾರುತ್ತಾರೆ. ಹೆಲ್ಸಿಂಕಿಯಲ್ಲೂ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಹತ್ತಿರ. ಈ ವಾರದ ಪುಸ್ತಕ ಇದೇ ಹಬ್ಬದ್ದು. ಒಂದು ಚಿತ್ರದಲ್ಲಿ ಮಗು ಹಾಸಿಗೆಯಲ್ಲಿದೆ, ಕಿಟಕಿಯಾಚೆ ಬೆಳಕು. ಅಮ್ಮ ಅದನ್ನು ಮಧ್ಯಾಹ್ನದ ನಿದ್ದೆ ಅಂದುಕೊಂಡು ಹಾಗೇ ಓದಿಬಿಟ್ಟರು. ಇವಳು ಜೋರಾಗಿ "ಅಜ್ಜೀ, ಅದು ರಾತ್ರಿ!" ಅಂದಳು.

ನೀರಿನ ಪಕ್ಕ ಹಾಕುವ ದೊಡ್ಡ ಬೆಂಕಿಗೆ ಕೊಕ್ಕೊ ಅಂತಾರೆ. ಚೀಟಿಯಲ್ಲಿ ನಾನು "ಕಾಮದಹನದ ಹಾಗೆ" ಎಂದು ಬರೆದಿದ್ದೆ. ಅಮ್ಮ ತಕ್ಷಣ ಕೇಳಿದರು, "ಯಾರನ್ನ ಸುಡ್ತಾರೆ?" ಯಾರನ್ನೂ ಇಲ್ಲ. ಬೆಂಕಿ ಹಾಕಿ ಸುತ್ತ ನಿಂತು ನೋಡುತ್ತಾರೆ, ಅಷ್ಟೆ. ಆ ಸಾಲು ಹೊಡೆದು ಹಾಕಿದೆ. ನಮ್ಮದಕ್ಕೆ ಹೋಲಿಸಿದರೆ ಬೇಗ ಅರ್ಥವಾಗುತ್ತದೆ ಅಂದುಕೊಂಡಿದ್ದೆ. ಆದರೆ ಹೋಲಿಕೆ ತನ್ನ ಕಥೆಯನ್ನೂ ಜೊತೆಗೆ ಎಳೆದು ತರುತ್ತದೆ. ಈಗ ಕೊಕ್ಕೊ ಅಂದರೆ ಕೊಕ್ಕೊ. ಚಿತ್ರ ಇದೆಯಲ್ಲ.

ವಾರ 4 ಮತ್ತು 5: ನಾಯಿಗುಡ್ಡ

ಈ ಪುಸ್ತಕಕ್ಕೆ ಎರಡು ವಾರ ಹಿಡಿಯಿತು. ಎರಡೂ ವಾರ ನನಗೆ ಖುಷಿಯೋ ಖುಷಿ. ಮೌರಿ ಕುನ್ನಸ್ ಅವರ 1980ರ 'ಕೊಯ್ರಮ್ಯಾಯೆನ್ ತಲೊಸ್ಸ'. ಹಳೆ ಕಾಲದ ರೈತರ ಮನೆ, ಮನೆಯವರೆಲ್ಲ ನಾಯಿಗಳು. ಒಂದು ಪುಟ ಬಿಡಿಸಿದರೆ ಮೂಲೆಮೂಲೆಯಲ್ಲಿ ಯಾರೋ ಏನೋ ಮಾಡುತ್ತಿರುತ್ತಾರೆ. ಬೇಸಿಗೆ ಒಂದೇ ಅಲ್ಲ, ಬೇರೆ ಕಾಲಗಳೂ ಇವೆ. ಆದರೂ ಇದನ್ನು ಬಿಡಲು ಮನಸ್ಸಾಗಲಿಲ್ಲ.

ಹೆಸರನ್ನು ಕನ್ನಡಕ್ಕೆ ತರಲು ಕೂತಾಗ ಒಂದು ವಿಷಯ ಕಂಡಿತು. ಕೊಯ್ರ ಅಂದರೆ ನಾಯಿ. ಮ್ಯಾಕಿ ಅಂದರೆ ಗುಡ್ಡ. ಕೊನೆಗೆ ಸೇರಿದ 'ಎನ್' ನಮ್ಮ 'ದ'. ತಲೊ ಅಂದರೆ ಮನೆ, 'ಸ್ಸ' ಅಂದರೆ 'ಅಲ್ಲಿ'. ನಾಯಿಗುಡ್ಡದ ಮನೆಯಲ್ಲಿ. ಅಲ್ಲಿ ಎರಡು ಪದ, ಇಲ್ಲೂ ಎರಡೇ. ಅದೇ ಸಾಲು, ಅದೇ ಜೋಡಣೆ! ಫಿನ್ನಿಶ್‌ನಲ್ಲಿ 15 ವಿಭಕ್ತಿ ಅಂತ ಕೇಳಿ ಹೆದರಿದವಳು ನಾನು. ಮನೆಗೆ, ಮನೆಯಲ್ಲಿ, ಮನೆಯಿಂದ ಅಂತ ಬಾಯಿಗೆ ತಾನಾಗಿ ಬರುವವರಿಗೆ ಅಷ್ಟು ಭಯ ಬೇಕಿಲ್ಲ.

ಆ ಸಂಜೆ ಅಮ್ಮ ಮೂರನೇ ಪುಟದಲ್ಲಿ ಓದುವುದನ್ನು ನಿಲ್ಲಿಸಿ ತಮ್ಮ ಅಜ್ಜಿ ಮನೆಯ ಕಣದ ಬಗ್ಗೆ, ರಾಗಿ ಒಕ್ಕಣೆ ಬಗ್ಗೆ ಹೇಳಲು ಶುರು ಮಾಡಿದರು. ಚೀಟಿಯಲ್ಲಿ ಇಲ್ಲದ ಮಾತು. ಮಗಳು ಪುಟ ತಿರುಗಿಸದೆ ಕೇಳಿದಳು. ನಾನು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಬೇರೆ ಬಣ್ಣದ ಪೆನ್ನಿನಲ್ಲಿ.

ಕಷ್ಟ ಎಲ್ಲಿದೆ

ವ್ಯಾಕರಣದಲ್ಲಿ ಅಲ್ಲ. ಒಂದು, 'ಹ್ಯಾನ್' ಅನ್ನುವ ಪದ. ಅವನು ಎಂದರೂ ಹ್ಯಾನ್, ಅವಳು ಎಂದರೂ ಹ್ಯಾನ್. ಒಂದು ಪುಸ್ತಕದಲ್ಲಿ ಹೆಸರಿಲ್ಲದ ಮಗು, ಗಿಡ್ಡ ಕೂದಲು, ಹಳದಿ ರಬ್ಬರ್ ಬೂಟು. ನಾನು 'ಅವನು' ಎಂದು ಬರೆದೆ. ಮಗಳಿಗೆ ಬೇಸರವಾಯಿತು. ಇಷ್ಟು ದಿನ ಆ ಮಗು ಅವಳ ಪಾಲಿಗೆ ಅವಳೇ ಆಗಿತ್ತು. ಅಮ್ಮ ದಾರಿ ತೋರಿಸಿದರು: "ಮಗು ಬಂತು, ಮಗು ತಿಂತು ಅನ್ನು. ಅದು ಅಂದ್ರೆ ಆಯ್ತಲ್ಲ." ಸರಿಯಾಗಿ ಕೂತಿತು. ಇಲ್ಲಿನವರು ಮನೆಮಾತಿನಲ್ಲಿ ಮನುಷ್ಯರಿಗೂ 'ಸೆ' ಅಂತಾರೆ, ಅಂದರೆ 'ಅದು'. ಪ್ರೀತಿಯಿಂದಲೇ.

ಎರಡು, ವಸ್ತುಗಳ ಹೆಸರು. 'ಮತ್ತೊ' ಅಂದರೆ ನೆಲಕ್ಕೆ ಹಾಸುವುದು. 'ಮತೊ' ಅಂದರೆ ಹುಳ. ಒತ್ತು ತಪ್ಪಿದರೆ ನೆಲಕ್ಕೆ ಹುಳ ಹಾಸಿದಂತೆ. ಕನ್ನಡ ಕಿವಿಗೆ ಈ ವ್ಯತ್ಯಾಸ ಕಷ್ಟವಲ್ಲ. ಆದರೆ ಹಳೆ ಬಟ್ಟೆಯ ಪಟ್ಟಿಗಳಿಂದ ನೇಯ್ದ ಆ ನೆಲಹಾಸಿಗೆ ಏನನ್ನಲಿ? ಚಾಪೆ ಅಂದೆ. ಅಮ್ಮ ಫೋನಿನಲ್ಲೇ ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ಚಾಪೆ ಎಲ್ಲಿ ಬಂತು, ಇದು ಜಮಖಾನ ಕಣೆ" ಅಂದರು. ಅದೇ ಉಳಿಯಿತು.

ಬೇಸಿಗೆಯಲ್ಲಿ ಇಲ್ಲಿ ಜನ ಆ ಜಮಖಾನಗಳನ್ನು ನೀರಿನಂಚಿನ ಮರದ ಕಟ್ಟೆಗೆ ಒಯ್ದು, ಪೈನ್ ಸೋಪು ಹಾಕಿ, ಬ್ರಶ್‌ನಿಂದ ಉಜ್ಜಿ, ಅಲ್ಲೇ ಕಂಬಿಯ ಮೇಲೆ ಒಣಗಿಸುತ್ತಾರೆ. ಅದಕ್ಕೆಂದೇ ನಗರದಲ್ಲಿ ಕಟ್ಟೆಗಳಿವೆ. ಈ ಪುಟ ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಎರಡು ಸಲ ಓದಿದರು. ಆ ಕಟ್ಟೆಗೆ ಲೈತುರಿ ಎಂದು ಹೆಸರು. ರೈಲ್ವೆ ಪ್ಲಾಟ್‌ಫಾರ್ಮಿಗೂ ಅದೇ ಪದ. ನಾನು 'ಹಲಗೆ ಕಟ್ಟೆ' ಎಂದು ಬರೆದಿದ್ದೇನೆ. ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.

ವಾರ 6

ತೂವೆ ಯಾನ್ಸನ್ ಅವರ 1952ರ ಚಿತ್ರಪುಸ್ತಕ, ಮೂಮಿನ್ ಎಂಬ ಕಾಲ್ಪನಿಕ ಜೀವಿಗಳ ಕಥೆ, ಪುಟಗಳಲ್ಲಿ ತೂತು ಕೊರೆದಿರುವುದು. ಮೂಲ ಸ್ವೀಡಿಷ್, ನಾವು ಓದಿದ್ದು ಫಿನ್ನಿಶ್. ಮೂಮಿನ್ ಮರಿ ಹಾಲು ತೆಗೆದುಕೊಂಡು ಮನೆಗೆ ಹೊರಟಿರುವುದು, ಅಷ್ಟು ಸಾಮಾನ್ಯ ಕೆಲಸದಿಂದ ಕಥೆ ಶುರು. ಚೀಟಿ ಇಟ್ಟರೆ ತೂತು ಮುಚ್ಚಿಹೋಗುತ್ತದೆ! ಇಡೀ ಕಥೆಯನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿದೆ. ಮಗಳು ತೂತಿನಿಂದ ಬೆರಳು ತೂರಿಸಿ ಅಜ್ಜಿಗೆ ಆಡಿಸಿ ತೋರಿಸಿದಳು.

ಬದಿಗಿಟ್ಟಿದ್ದು ಹಾವುಕೈನೆನ್ ಮತ್ತು ತೊಯ್ವೊನೆನ್ ಜೋಡಿಯ ತತು, ಪತು. ಈ ಅಣ್ಣತಮ್ಮಂದಿರು ದಿನದ ಕೆಲಸಗಳನ್ನೆಲ್ಲ ವಿಚಿತ್ರವಾಗಿ ಮಾಡುತ್ತಾರೆ. ಮಗಳು ಬಿದ್ದುಬಿದ್ದು ನಗುತ್ತಾಳೆ. ಆದರೆ ಪುಟದ ತುಂಬ ಚಿಕ್ಕಚಿಕ್ಕ ಬರಹ, ಪದಗಳ ಆಟ ಜಾಸ್ತಿ. ಅವಸರದಲ್ಲಿ ಮಾಡಿದರೆ ಕೆಡುತ್ತದೆ. ಚಳಿಗಾಲದಲ್ಲಿ ಕೂತು ಮಾಡುತ್ತೇನೆ.

ವಾರ 7, ಈಗ

ಈ ವಾರ ಪುಸ್ತಕ ತರಲಿಲ್ಲ. ಮಗಳು ತಾನೇ ಒಂದು ಪುಟ ಬರೆಯುತ್ತೇನೆ ಅಂದಳು. ಹೆಲ್ಸಿಂಕಿಯ ಆಟದ ಪಾರ್ಕುಗಳಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಬಿಸಿಯೂಟ ಕೊಡುತ್ತಾರೆ, ಪುಕ್ಕಟೆ. 1942ರಿಂದ ನಡೆದುಕೊಂಡು ಬಂದಿದೆ. ತಟ್ಟೆ, ಚಮಚ ಮನೆಯಿಂದ ತರಬೇಕು. ಅವಳ ಪುಟದಲ್ಲಿ ಎಲ್ಲ ಮಕ್ಕಳೂ ಪ್ಲಾಸ್ಟಿಕ್ ಡಬ್ಬಿ ಹಿಡಿದು ಸಾಲು ನಿಂತಿದ್ದಾರೆ. ಇವಳ ಕೈಯಲ್ಲಿ ಅಜ್ಜಿ ಕೊಟ್ಟ ಸ್ಟೀಲ್ ಬಟ್ಟಲು. ಅದನ್ನು ಬಿಡಿಸಲು ಬೆಳ್ಳಿ ಬಣ್ಣದ ಕ್ರೇಯಾನ್ ಇರಲಿಲ್ಲ, ಬೂದು ಬಣ್ಣ ಬಳಿದು ನಡುವೆ ಬಿಳಿ ಬಿಟ್ಟಿದ್ದಾಳೆ.

ಈ ಪುಟಕ್ಕೆ ಚೀಟಿ ಬರೆಯುವ ಕೆಲಸ ಅಮ್ಮನದು. ನಿನ್ನೆ ಚಿತ್ರದ ಫೋಟೊ ಕಳಿಸಿದೆ. ಇವತ್ತು ಬೆಳಿಗ್ಗೆ ಒಂದು ಸಾಲು ಬಂದಿದೆ: "ಪುಟ್ಟಿ ಬಟ್ಟಲು ಹಿಡ್ಕೊಂಡು ನಿಂತಿದ್ದಾಳೆ, ಇವತ್ತು ಏನು ಸಾರು?" ಮಗಳು ಉತ್ತರ ಯೋಚಿಸುತ್ತಿದ್ದಾಳೆ.