ವರ್ಡ್‌ನಲ್ಲಿ ಟೂಲ್‌ಬಾರ್ ಮಾಯವಾದರೆ ಮೊದಲು ಫೈಲು ಹುಡುಕಿ

ಕಷ್ಟಪಟ್ಟು ಜೋಡಿಸಿಟ್ಟ ಟೂಲ್‌ಬಾರ್ ವರ್ಡ್ ತೆರೆದಾಗ ಕಾಣದಿದ್ದರೆ, ಬಹಳಷ್ಟು ಜನ ಆಫೀಸನ್ನೇ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಸಾಮಾನ್ಯವಾಗಿ ಇದು ದಂಡದ ಕೆಲಸ. ಟೂಲ್‌ಬಾರ್ ಪ್ರೋಗ್ರಾಮಿನೊಳಗೆ ಇರುವುದಿಲ್ಲ, ವಿಂಡೋಸ್ ನಿಮ್ಮ ಸೆಟ್ಟಿಂಗ್‌ಗಳನ್ನು ಇಡುವ ಯೂಸರ್ ಪ್ರೊಫೈಲ್ ಫೋಲ್ಡರಿನ ಒಂದು ಫೈಲಿನಲ್ಲಿರುತ್ತದೆ. ಪ್ರೋಗ್ರಾಮ್ ತೆಗೆದರೂ ಆ ಫೈಲು ಅಲ್ಲೇ ಉಳಿಯುತ್ತದೆ, ಅದರಲ್ಲಿ ದೋಷವಿದ್ದರೆ ಆ ದೋಷವೂ ಉಳಿಯುತ್ತದೆ. ಆದ್ದರಿಂದ ಟೂಲ್‌ಬಾರ್ ಯಾವ ಫೈಲಿನಲ್ಲಿತ್ತು, ವರ್ಡ್ ಈಗ ಆ ಫೈಲನ್ನು ಓದುತ್ತಿದೆಯೇ ಎಂಬುದನ್ನು ಮೊದಲು ಪತ್ತೆಹಚ್ಚಬೇಕು.

ವರ್ಡ್ 2003 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳು ಟೂಲ್‌ಬಾರನ್ನು ಟೆಂಪ್ಲೇಟಿನಲ್ಲಿ, ಅಂದರೆ ಡಾಕ್ಯುಮೆಂಟುಗಳಿಗೆ ಅಚ್ಚಾಗಿ ಬಳಸುವ ಫೈಲಿನಲ್ಲಿ, ಇಡುತ್ತಿದ್ದವು. ನೀವು ಬೇರೆ ಹೇಳದಿದ್ದರೆ ಅದು ನಾರ್ಮಲ್ ಟೆಂಪ್ಲೇಟ್, ಹೊಸ ಖಾಲಿ ಡಾಕ್ಯುಮೆಂಟುಗಳಿಗೆ ವರ್ಡ್ ಬಳಸುವ ಮೂಲ ಅಚ್ಚು. 2007ರಲ್ಲಿ ಮೆನುಗಳ ಬದಲು ಟ್ಯಾಬುಗಳ ಪಟ್ಟಿ, ಅಂದರೆ ರಿಬ್ಬನ್, ಬಂದ ಮೇಲೂ ಅಂಥ ಹಳೆಯ ಟೂಲ್‌ಬಾರ್‌ಗಳು ಸತ್ತಿಲ್ಲ. ಅವು ‘ಆ್ಯಡ್-ಇನ್ಸ್’ ಎಂಬ ಟ್ಯಾಬಿನಲ್ಲಿ, ‘ಕಸ್ಟಮ್ ಟೂಲ್‌ಬಾರ್ಸ್’ ಗುಂಪಿನೊಳಗೆ ಹೋಗಿ ಕೂರುತ್ತವೆ. ‘ಕಳೆದುಹೋಗಿದೆ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ. ಆ ಟ್ಯಾಬೇ ಕಾಣದಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಬಲಗಡೆಯ ಪಟ್ಟಿಯಲ್ಲಿ ಆ್ಯಡ್-ಇನ್ಸ್ ಮುಂದೆ ಗುರುತು ಇದೆಯೇ ನೋಡಿ. ಗುರುತು ಇದ್ದರೂ ಟ್ಯಾಬ್ ಬರುತ್ತಿಲ್ಲವೆಂದರೆ, ಅದರಲ್ಲಿ ತೋರಿಸಲು ವರ್ಡ್‌ಗೆ ಏನೂ ಸಿಕ್ಕಿಲ್ಲ, ಅಂದರೆ ಟೆಂಪ್ಲೇಟ್ ಲೋಡ್ ಆಗಿಲ್ಲ.

2010ರಿಂದ ಈಚೆಗೆ ರಿಬ್ಬನ್ನಿನಲ್ಲಿ ನೀವು ಸೇರಿಸಿದ ಟ್ಯಾಬುಗಳು ಮತ್ತು ಕ್ವಿಕ್ ಆ್ಯಕ್ಸೆಸ್ ಟೂಲ್‌ಬಾರಿನ (ಪದೇಪದೇ ಬೇಕಾಗುವ ಬಟನ್‌ಗಳ ಸಣ್ಣ ಸಾಲು) ಬಟನ್‌ಗಳ ಕಥೆ ಬೇರೆ. ಅವು ಸಾಮಾನ್ಯವಾಗಿ ಟೆಂಪ್ಲೇಟಿನಲ್ಲಿ ಇರುವುದಿಲ್ಲ. ಆ್ಯಪ್‌ಡೇಟಾ ಫೋಲ್ಡರಿನ ಲೋಕಲ್ ಭಾಗದಲ್ಲಿ, ಮೈಕ್ರೋಸಾಫ್ಟ್, ಅದರೊಳಗಿನ ಆಫೀಸ್ ಫೋಲ್ಡರಿನಲ್ಲಿ ‘ಆಫೀಸ್‌ಯುಐ’ ಎಂದು ಕೊನೆಯಾಗುವ ವರ್ಡ್ ಹೆಸರಿನ ಫೈಲಿನಲ್ಲಿರುತ್ತವೆ. ನಾರ್ಮಲ್ ಟೆಂಪ್ಲೇಟ್ ಇರುವುದು ರೋಮಿಂಗ್ ಭಾಗದಲ್ಲಿ, ಮೈಕ್ರೋಸಾಫ್ಟ್ ಒಳಗಿನ ಟೆಂಪ್ಲೇಟ್ಸ್‌ನಲ್ಲಿ. ಈ ವ್ಯತ್ಯಾಸ ಸಣ್ಣದೆನಿಸಬಹುದು, ಆದರೆ ಕಚೇರಿಯಲ್ಲಿ ರೋಮಿಂಗ್ ಪ್ರೊಫೈಲ್ (ಯಾವ ಕಂಪ್ಯೂಟರಿನಲ್ಲಿ ಲಾಗಿನ್ ಆದರೂ ಹಿಂದೆ ಬರುವ ಪ್ರೊಫೈಲ್) ಇದ್ದು ಬೇರೆ ಕಂಪ್ಯೂಟರಿನಲ್ಲಿ ಲಾಗಿನ್ ಆದಾಗ ನಾರ್ಮಲ್‌ನಲ್ಲಿರುವ ಮ್ಯಾಕ್ರೋಗಳು (ಕೆಲಸಗಳನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಮುಗಳು) ಬಂದು ರಿಬ್ಬನ್ನಿನ ಬಟನ್‌ಗಳು ಬಾರದಿರುವುದಕ್ಕೆ ಇದೇ ಕಾರಣ. ಲೋಕಲ್ ಭಾಗ ನಿಮ್ಮ ಹಿಂದೆ ಬರುವುದಿಲ್ಲ. ಇದಕ್ಕೆ ಮದ್ದು, ಅದೇ ಕಸ್ಟಮೈಸ್ ರಿಬ್ಬನ್ ಪುಟದ ಕೆಳಗಿರುವ ಇಂಪೋರ್ಟ್/ಎಕ್ಸ್‌ಪೋರ್ಟ್. ಹಳೆಯ ಯಂತ್ರದಲ್ಲಿ ಎಕ್ಸ್‌ಪೋರ್ಟ್ ಮಾಡಿ ಹೊಸದರಲ್ಲಿ ಇಂಪೋರ್ಟ್ ಮಾಡಿ. ಒಂದು ಎಚ್ಚರ: ಇಂಪೋರ್ಟ್ ಮಾಡಿದರೆ ಹೊಸ ಯಂತ್ರದಲ್ಲಿ ಆಗಲೇ ಇದ್ದ ಮಾರ್ಪಾಡುಗಳೆಲ್ಲ ಹೋಗುತ್ತವೆ, ಎರಡೂ ಬೆರೆಯುವುದಿಲ್ಲ.

ಕ್ವಿಕ್ ಆ್ಯಕ್ಸೆಸ್ ಟೂಲ್‌ಬಾರ್ ಬರೀ ಮರೆಯಾಗಿದ್ದರೆ ರಿಬ್ಬನ್ ಮೇಲೆ ರೈಟ್ ಕ್ಲಿಕ್ ಮಾಡಿ ತೋರಿಸಿಕೊಳ್ಳಬಹುದು. ಇಡೀ ರಿಬ್ಬನ್ ಮಡಚಿಕೊಂಡಿದ್ದರೆ ಕಂಟ್ರೋಲ್ ಜೊತೆ ಎಫ್1 ಒತ್ತಿ. ಟೈಟಲ್ ಬಾರಿನಲ್ಲಿ ‘ಸೇಫ್ ಮೋಡ್’ ಎಂದು ಬರೆದಿದ್ದರೆ ಬೇರೇನೂ ಹುಡುಕಬೇಡಿ, ಆ ಸ್ಥಿತಿಯಲ್ಲಿ ನಿಮ್ಮ ಮಾರ್ಪಾಡುಗಳು ಲೋಡ್ ಆಗುವುದೇ ಇಲ್ಲ. ವರ್ಡ್ ಮುಚ್ಚಿ ಮಾಮೂಲಾಗಿ ತೆರೆಯಿರಿ.

ಟೂಲ್‌ಬಾರ್ ಬೇರೊಂದು ಟೆಂಪ್ಲೇಟಿನಲ್ಲಿದ್ದರೆ, ಆ ಟೆಂಪ್ಲೇಟಿನ ಆಧಾರದ ಮೇಲೆ ಮಾಡಿದ ಡಾಕ್ಯುಮೆಂಟ್ ತೆರೆದಾಗ ಮಾತ್ರ ಅದು ಕಾಣುತ್ತದೆ. ಯಾರಾದರೂ ಟೆಂಪ್ಲೇಟನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಟೂಲ್‌ಬಾರೂ ಹೋಯಿತು. ಎಲ್ಲ ಡಾಕ್ಯುಮೆಂಟುಗಳಿಗೂ ಬೇಕಿದ್ದರೆ ಆ ಟೆಂಪ್ಲೇಟನ್ನು ವರ್ಡ್‌ನ ಸ್ಟಾರ್ಟಪ್ ಫೋಲ್ಡರಿನಲ್ಲಿ ಇಡಬೇಕು. ಅದು ಎಲ್ಲಿದೆ ಎಂಬುದು ಆಪ್ಷನ್ಸ್, ಅಡ್ವಾನ್ಸ್‌ಡ್ ಪುಟದ ಕೊನೆಯ ‘ಫೈಲ್ ಲೊಕೇಶನ್ಸ್’ ಬಟನ್‌ನಲ್ಲಿ ಸಿಗುತ್ತದೆ.

ಅಲ್ಲಿಟ್ಟ ಮೇಲೂ ಬರದಿದ್ದರೆ ವರ್ಡ್ ಅದನ್ನು ಬೇಕೆಂದೇ ತಡೆದಿರಬಹುದು. ಲೋಡ್ ಆಗುವಾಗ ಕ್ರ್ಯಾಶ್‌ಗೆ ಕಾರಣವಾಯಿತೆಂದು ಅನುಮಾನ ಬಂದ ಆ್ಯಡ್-ಇನ್ (ವರ್ಡ್‌ಗೆ ಹೆಚ್ಚುವರಿಯಾಗಿ ಸೇರಿಸುವ ಪ್ರೋಗ್ರಾಮ್) ಅಥವಾ ಟೆಂಪ್ಲೇಟನ್ನು ವರ್ಡ್ ಕಪ್ಪುಪಟ್ಟಿಗೆ ಸೇರಿಸುತ್ತದೆ, ಆಮೇಲೆ ಅದರ ಸುದ್ದಿಗೇ ಹೋಗುವುದಿಲ್ಲ. ಫೈಲ್, ಆಪ್ಷನ್ಸ್, ಆ್ಯಡ್-ಇನ್ಸ್‌ಗೆ ಹೋಗಿ, ಕೆಳಗಿನ ‘ಮ್ಯಾನೇಜ್’ ಪಟ್ಟಿಯಲ್ಲಿ ‘ಡಿಸೇಬಲ್ಡ್ ಐಟಮ್ಸ್’ ಆರಿಸಿ ‘ಗೋ’ ಒತ್ತಿ. ನಿಮ್ಮ ಫೈಲು ಅಲ್ಲಿದ್ದರೆ ‘ಎನೇಬಲ್’ ಮಾಡಿ, ವರ್ಡ್ ಮುಚ್ಚಿ ತೆರೆಯಿರಿ. ಅದೇ ಪಟ್ಟಿಯ ‘ಟೆಂಪ್ಲೇಟ್ಸ್’ ಆರಿಸಿದರೆ ಯಾವ ಗ್ಲೋಬಲ್ ಟೆಂಪ್ಲೇಟಿಗೆ (ಎಲ್ಲ ಡಾಕ್ಯುಮೆಂಟುಗಳಿಗೂ ಸಿಗುವ ಟೆಂಪ್ಲೇಟಿಗೆ) ಗುರುತು ಬಿದ್ದಿದೆ, ಯಾವುದಕ್ಕಿಲ್ಲ ಎಂಬುದು ಗೊತ್ತಾಗುತ್ತದೆ.

ಇಮೇಲ್‌ನಲ್ಲಿ ಬಂದ ಅಥವಾ ಇಂಟರ್ನೆಟ್‌ನಿಂದ ಇಳಿಸಿದ ಟೆಂಪ್ಲೇಟಾಗಿದ್ದರೆ ವಿಂಡೋಸ್ ಹಾಕಿರುವ ಮುದ್ರೆಯನ್ನೂ ನೋಡಿ. ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಎಂಬುದು ಕಂಡರೆ ಅದಕ್ಕೆ ಗುರುತು ಹಾಕಬೇಕು, ಫೈಲು ಕಳಿಸಿದವರು ಯಾರೆಂದು ಖಾತ್ರಿಯಿದ್ದರೆ ಮಾತ್ರ. ಟೂಲ್‌ಬಾರ್ ಬಂದು, ಬಟನ್ ಒತ್ತಿದಾಗ ಏನೂ ಆಗದಿದ್ದರೆ ಅದು ಸಾಮಾನ್ಯವಾಗಿ ಮ್ಯಾಕ್ರೋ ಸೆಟ್ಟಿಂಗಿನ ತೊಂದರೆ. ಟ್ರಸ್ಟ್ ಸೆಂಟರ್‌ನಲ್ಲಿ ಎಲ್ಲ ಮ್ಯಾಕ್ರೋಗಳಿಗೂ ಬಾಗಿಲು ತೆರೆದಿಡುವ ಬದಲು, ಆ ಟೆಂಪ್ಲೇಟ್ ಇರುವ ಫೋಲ್ಡರನ್ನಷ್ಟೇ ‘ಟ್ರಸ್ಟೆಡ್ ಲೊಕೇಶನ್ಸ್’ಗೆ ಸೇರಿಸುವುದು ಒಳ್ಳೆಯದು.

ಇವತ್ತು ಮಾಡಿದ ಬದಲಾವಣೆ ನಾಳೆ ಇರುವುದಿಲ್ಲ ಎಂದಾದರೆ ನಾರ್ಮಲ್ ಟೆಂಪ್ಲೇಟ್ ಸೇವ್ ಆಗುತ್ತಿಲ್ಲ. ಅದು ಸಾಮಾನ್ಯವಾಗಿ ಸೇವ್ ಆಗುವುದು ವರ್ಡ್ ಮುಚ್ಚುವಾಗ. ವರ್ಡ್ ಕ್ರ್ಯಾಶ್ ಆದರೆ, ಅಥವಾ ಟಾಸ್ಕ್ ಮ್ಯಾನೇಜರ್‌ನಿಂದ ಕೊಂದರೆ, ಆ ದಿನದ ಮಾರ್ಪಾಡು ಹೋದಂತೆಯೇ. ಎರಡನೆಯ ಕಾರಣ, ಕಣ್ಣಿಗೆ ಕಾಣದ ಇನ್ನೊಂದು ವರ್ಡ್ ಹಿನ್ನೆಲೆಯಲ್ಲಿ ಆ ಫೈಲನ್ನು ಹಿಡಿದುಕೊಂಡಿರುವುದು. ಔಟ್‌ಲುಕ್ ಕೂಡ ಮೇಲ್ ಬರೆಯಲು ವರ್ಡ್‌ನ ಎಡಿಟರನ್ನೇ ಬಳಸುವುದರಿಂದ ಅದನ್ನೂ ಮುಚ್ಚಿ ನೋಡಿ. ಅಡ್ವಾನ್ಸ್‌ಡ್ ಪುಟದ ಸೇವ್ ವಿಭಾಗದಲ್ಲಿ, ನಾರ್ಮಲ್ ಸೇವ್ ಮಾಡುವ ಮೊದಲು ಕೇಳು ಎಂಬ ಆಯ್ಕೆಯನ್ನು ಆನ್ ಮಾಡಿದರೆ ಪ್ರತಿ ಸಲ ಕೇಳುವ ಕಿರಿಕಿರಿಯೇನೋ ಇದ್ದೇ ಇದೆ, ಆದರೆ ಏನಾಗುತ್ತಿದೆ ಎಂದು ಗೊತ್ತಾಗುತ್ತದೆ.

ನಾರ್ಮಲ್ ಫೈಲೇ ಹಾಳಾಗಿದೆ ಎಂಬ ಅನುಮಾನವಿದ್ದರೆ ಅಳಿಸಲು ಹೋಗಬೇಡಿ. ವರ್ಡ್ ಮುಚ್ಚಿ, ಅದರ ಹೆಸರು ಬದಲಿಸಿ. ಮುಂದಿನ ಸಲ ವರ್ಡ್ ತಾನೇ ಹೊಸದೊಂದನ್ನು ಮಾಡಿಕೊಳ್ಳುತ್ತದೆ. ತೊಂದರೆ ನಾರ್ಮಲ್‌ನದ್ದಲ್ಲ ಎಂದು ತಿಳಿದರೆ ಹಳೆಯ ಹೆಸರನ್ನೇ ಮರಳಿ ಕೊಡಿ. ಬ್ಯಾಕಪ್‌ನಲ್ಲಿ ಹಳೆಯ ನಾರ್ಮಲ್ ಸಿಕ್ಕಿತು, ಅದರಲ್ಲಿ ಟೂಲ್‌ಬಾರ್ ಇದೆ ಎನ್ನುವಾಗ ಒಂದು ಒಳದಾರಿಯಿದೆ: ಅದಕ್ಕೆ ಬೇರೆ ಹೆಸರಿಟ್ಟು ಸ್ಟಾರ್ಟಪ್ ಫೋಲ್ಡರಿಗೆ ಹಾಕಿ. ಗ್ಲೋಬಲ್ ಟೆಂಪ್ಲೇಟಾಗಿ ಲೋಡ್ ಆಗಿ ಟೂಲ್‌ಬಾರೂ ಮ್ಯಾಕ್ರೋಗಳೂ ಬರುತ್ತವೆ, ಈಗಿನ ನಾರ್ಮಲ್‌ಗೆ ಕೈಹಚ್ಚುವ ಅಗತ್ಯವಿಲ್ಲ. ನಿಜ ಹೇಳಬೇಕೆಂದರೆ ಮೊದಲಿನಿಂದಲೇ ಹೀಗೆ ಬೇರೆ ಟೆಂಪ್ಲೇಟಿನಲ್ಲಿ ಇಡುವುದೇ ಸರಿ. ನಾರ್ಮಲ್‌ಗೆ ಎಲ್ಲವನ್ನೂ ತುರುಕಿದರೆ ಅದು ಕೆಟ್ಟ ದಿನ ಎಲ್ಲವೂ ಒಟ್ಟಿಗೇ ಹೋಗುತ್ತದೆ.

ವರ್ಡ್ ಬದಲು ಉಚಿತ ಲಿಬ್ರೆಆಫೀಸ್ ಬಳಸುವವರು ವ್ಯೂ ಮೆನುವಿನ ‘ಯೂಸರ್ ಇಂಟರ್‌ಫೇಸ್’ ಮೊದಲು ನೋಡಲಿ. ‘ಟ್ಯಾಬ್ಡ್’ ವಿನ್ಯಾಸ ಆರಿಸಿದ್ದರೆ ಹಳೆಯ ಬಗೆಯ ಟೂಲ್‌ಬಾರ್‌ಗಳು ಕಾಣುವುದಿಲ್ಲ, ‘ಸ್ಟ್ಯಾಂಡರ್ಡ್ ಟೂಲ್‌ಬಾರ್’ಗೆ ಮರಳಬೇಕು. ಇನ್ನೊಂದು ಬಲೆ, ಟೂಲ್ಸ್ ಮೆನುವಿನ ಕಸ್ಟಮೈಸ್‌ನಲ್ಲಿರುವ ‘ಸ್ಕೋಪ್’. ಅಲ್ಲಿ ಡಾಕ್ಯುಮೆಂಟಿನ ಹೆಸರು ಆರಿಸಿದ್ದರೆ ಟೂಲ್‌ಬಾರ್ ಆ ಒಂದು ಫೈಲಿನೊಳಗೆ ಮಾತ್ರ ಇರುತ್ತದೆ. ಎಲ್ಲೆಡೆ ಬೇಕಿದ್ದರೆ ‘ಲಿಬ್ರೆಆಫೀಸ್ ರೈಟರ್’ ಆರಿಸಿ. ಹೆಲ್ಪ್ ಮೆನುವಿನ ಸೇಫ್ ಮೋಡ್‌ನಲ್ಲಿ ಇಂಟರ್‌ಫೇಸ್ ಮಾರ್ಪಾಡುಗಳನ್ನು ರೀಸೆಟ್ ಮಾಡುವ ಆಯ್ಕೆಯೂ ಇದೆ. ನೀವು ಹುಡುಕುತ್ತಿರುವ ಟೂಲ್‌ಬಾರನ್ನೇ ಅದು ಅಳಿಸಿಬಿಡುತ್ತದೆ. ಅದಕ್ಕೆ ಗುರುತು ಹಾಕುವ ಮುನ್ನ ಪ್ರೊಫೈಲ್‌ನ ‘ಯೂಸರ್’ ಫೋಲ್ಡರನ್ನು ಪೂರ್ತಿಯಾಗಿ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ.