ಬೋರ್ಡ್ ಹೋಗಿಲ್ಲ ಮಾವ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಸೋದರಮಾವ ಹೋಟೆಲ್ ಕೆಲಸ ಬಿಟ್ಟ ಮೇಲೆ ಎರಡೇ ಕೆಲಸ ಇಟ್ಟುಕೊಂಡಿದ್ದಾರೆ. ಒಂದು, ಚಿಕ್ಕಪುಟ್ಟ ಕೇಟರಿಂಗ್ ಆರ್ಡರ್‌ಗಳ ಬಿಲ್ಲು. ಇನ್ನೊಂದು, ತಾಳಮದ್ದಳೆಗೆ ಅರ್ಥದ ಟಿಪ್ಪಣಿ ಟೈಪ್ ಮಾಡುವುದು. ಎರಡೂ ಒಂದೇ ಹಳೇ ಡೆಸ್ಕ್‌ಟಾಪ್‌ನಲ್ಲಿ. 2012ರಲ್ಲಿ ಕೂಡಿಸಿದ ಡಬ್ಬ ಅದು, ಎಚ್61 ಮದರ್‌ಬೋರ್ಡು, ಐ3 ಪ್ರೊಸೆಸರ್, ಮೆಮೊರಿಗೆ ಡಿಡಿಆರ್3 ರ‍್ಯಾಮ್ ಎರಡು. ಆಮೇಲೆ ಯಾರೋ ಒಂದು ಎಸ್‌ಎಸ್‌ಡಿ ಹಾಕಿ ವಿಂಡೋಸ್ 10 ಕೂರಿಸಿಕೊಟ್ಟಿದ್ದರು. ಬ್ಯಾಕಪ್ ಅಂದರೆ ಏನು ಅಂತ ಮಾವನಿಗೆ ಗೊತ್ತು, ತೆಗೆದುಕೊಂಡಿಲ್ಲ ಅಷ್ಟೆ.

ಜುಲೈ ತಿಂಗಳ ಒಂದು ಶನಿವಾರ ರಾತ್ರಿ ಫೋನು. "ಕಂಪ್ಯೂಟರ್ ಸತ್ತೇ ಹೋಯ್ತು ಮಾರಾಯ. ಬೋರ್ಡ್ ಹೋಗಿದೆಯಂತೆ, ಒಂಬತ್ತು ಸಾವಿರ ಆಗ್ತದಂತೆ."

"ಯಾರು ಹೇಳಿದ್ದು ಮಾವ?"

"ರಿಪೇರಿಯವ. ಬಂದ, ಬಟನ್ ಒತ್ತಿದ, ಹೇಳಿದ."

ಅವನು ಕ್ಯಾಬಿನೆಟ್ ತೆರೆದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ.

ಭಾನುವಾರ ಬೆಳಗ್ಗೆ ಹೋದೆ. ಕಂಪ್ಯೂಟರ್ ಸಾಮಾನು ಸಿಗುವ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹೆಚ್ಚಿನ ಅಂಗಡಿಗಳು ಭಾನುವಾರ ಬಂದ್, ಹಾಗಾಗಿ ಹೊಸ ಸಾಮಾನು ತಂದು ಬದಲಿಸಿ ನೋಡುವ ದಾರಿ ಇರಲಿಲ್ಲ. ಚೀಲದಲ್ಲಿ ಇದ್ದದ್ದು ಸ್ಕ್ರೂಡ್ರೈವರ್, ಮಲ್ಟಿಮೀಟರ್, ಒಂದು ರಬ್ಬರ್, ಮತ್ತೆ ಹಳೇ ಕ್ಯಾಬಿನೆಟ್‌ನಿಂದ ಕಿತ್ತಿಟ್ಟುಕೊಂಡಿದ್ದ ಬೆರಳ ತುದಿಯಷ್ಟು ದೊಡ್ಡ ಸ್ಪೀಕರ್. ಈ ಸ್ಪೀಕರ್ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಶುರು ಆಗ್ತಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಅದು ಒಂದು ಕಾಯಿಲೆ ಅಲ್ಲ. ಬಟನ್ ಒತ್ತಿದರೆ ಏನೂ ಆಗದೆ ಸುಮ್ನೆ ಇರುವುದು ಬೇರೆ, ಫ್ಯಾನ್ ತಿರುಗಿ ಪರದೆ ಕಪ್ಪಾಗಿರುವುದು ಬೇರೆ, ಕಂಪನಿ ಲೋಗೋ ಬಂದು ನಿಲ್ಲುವುದು ಬೇರೆ, ವಿಂಡೋಸ್ ಅರ್ಧ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದು ಇನ್ನೂ ಬೇರೆ. ಎಲ್ಲಿ ನಿಂತಿತು ಅಂತ ಮೊದಲು ನೋಡಬೇಕು. ಲೋಗೋ ಬಂದಿದೆ ಅಂದರೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೇಲೆ ಅನುಮಾನ ಅರ್ಧ ಕಡಿಮೆಯಾಗುತ್ತದೆ, ಡಿಸ್ಕು ಅಥವಾ ವಿಂಡೋಸ್ ಕಡೆ ನೋಡಬಹುದು. ಮಾವನದ್ದು ಎರಡನೇ ಜಾತಿ. ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಮಾನಿಟರ್ "ನೋ ಸಿಗ್ನಲ್" ಅಂತ ತೋರಿಸಿ ಮಲಗುತ್ತೆ.

ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಕರೆಂಟ್ ಹಂಚುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಸರಿಯಿದೆ ಅಂತಲ್ಲ. ಹಾಗಾಗಿ ಮೊದಲು ಮೀಟರ್. ಹಳದಿ ವೈರಿನಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ಬರಬೇಕು, ಐದು ಪರ್ಸೆಂಟ್ ಆಚೀಚೆ ಆದರೆ ಪರವಾಗಿಲ್ಲ. ಅಂದರೆ 12ರದ್ದು 11.4ಕ್ಕಿಂತ ಕೆಳಗೆ ಹೋಗಬಾರದು. ಇಲ್ಲಿ 12.1 ಇತ್ತು. ಪ್ರೊಸೆಸರ್ ಹತ್ತಿರ ಬರುವ ನಾಲ್ಕು ಪಿನ್ನಿನ ಬೇರೆ ಕನೆಕ್ಟರ್ ಕೂಡ ಒತ್ತಿ ನೋಡಿದೆ, ಅದು ಸಡಿಲ ಇದ್ದರೂ ಹೀಗೇ ಫ್ಯಾನ್ ಮಾತ್ರ ತಿರುಗುತ್ತೆ. ಗಟ್ಟಿಯಾಗೇ ಇತ್ತು. (ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ.)

ಈಗ ಸ್ಪೀಕರ್. ಕಂಪ್ಯೂಟರ್ ಆನ್ ಆದ ಕೂಡಲೇ ಬಯಾಸ್ (ಬೋರ್ಡ್ ಮೇಲೇ ಇರುವ, ವಿಂಡೋಸ್‌ಗಿಂತ ಮೊದಲು ಓಡುವ ಚಿಕ್ಕ ಪ್ರೋಗ್ರಾಂ) ಯಂತ್ರದ ಭಾಗಗಳನ್ನು ಪರೀಕ್ಷೆ ಮಾಡುತ್ತದೆ, ಅದಕ್ಕೆ ಪೋಸ್ಟ್ ಅಂತಾರೆ. ಪರದೆ ಬರುವ ಮೊದಲೇ ಏನಾದರೂ ತಪ್ಪಿದ್ದರೆ ಹೇಳಲಿಕ್ಕೆ ಅದಕ್ಕೆ ಬೀಪ್ ಬಿಟ್ಟರೆ ಬಾಯಿ ಇಲ್ಲ. ಹೊಸ ಬೋರ್ಡ್‌ಗಳಲ್ಲಿ ಕೆಲವಕ್ಕೆ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಚಿಕ್ಕ ಲೈಟು ಕೊಟ್ಟಿರುತ್ತಾರೆ, ಯಾವುದು ಉರಿದು ನಿಂತಿತೋ ಅಲ್ಲೇ ತೊಂದರೆ. ಹಳೇ ಬೋರ್ಡ್‌ಗೆ ಸ್ಪೀಕರೇ ಗತಿ, ಅದನ್ನೂ ಕ್ಯಾಬಿನೆಟ್‌ನವರು ದುಡ್ಡು ಉಳಿಸಲಿಕ್ಕೆ ಹಾಕಿರುವುದಿಲ್ಲ. ಬೀಪ್ ಲೆಕ್ಕ ಒಂದೊಂದು ಬಯಾಸ್‌ಗೆ ಒಂದೊಂದು ಥರ, ಅದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನನಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ.

ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ ಕೈ ಮೇಲಿನ ಸ್ಟಾಟಿಕ್ ಇಳಿಸಿಕೊಂಡು, ರ‍್ಯಾಮ್ ಎರಡೂ ಹೊರಗೆ ತೆಗೆದೆ, ಸ್ಪೀಕರನ್ನು ಬೋರ್ಡ್‌ಗೆ ಸಿಕ್ಕಿಸಿದೆ. ರ‍್ಯಾಮ್ ಇಲ್ಲದೇ ಆನ್ ಮಾಡಿದೆ.

ಬೀಈಈಪ್. ನಿಲ್ಲಿಸಿ ಮತ್ತೆ ಬೀಈಈಪ್.

ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ಅಯ್ಯೋ, ಇದೇನು ಕೂಗೋದು?"

"ಇದು ಒಳ್ಳೆ ಸುದ್ದಿ ಅತ್ತೆ."

ನಿಜಕ್ಕೂ ಒಳ್ಳೆ ಸುದ್ದಿ. ರ‍್ಯಾಮ್ ಇಲ್ಲ ಅಂತ ದೂರು ಕೊಡಬೇಕಾದರೆ ಪ್ರೊಸೆಸರ್ ಬದುಕಿರಬೇಕು, ಬಯಾಸ್ ಓಡುತ್ತಿರಬೇಕು. ಬೋರ್ಡ್ ಸತ್ತಿದ್ದರೆ ದೂರು ಕೊಡುವವರು ಯಾರು? ಒಂಬತ್ತು ಸಾವಿರ ಅಲ್ಲೇ ಉಳಿಯಿತು ಅಂತ ಅಂದುಕೊಂಡೆ. ಸ್ವಲ್ಪ ಬೇಗ ಅಂದುಕೊಂಡೆ.

ರ‍್ಯಾಮ್‌ನ ಚಿನ್ನದ ಬಣ್ಣದ ಅಂಚು ನೋಡಿದರೆ ಮಂಕಾಗಿತ್ತು. ಕಿಟಕಿ ಪಕ್ಕ ಮೇಜು, ಮುಂಬೈ ಮಳೆಗಾಲ, ಗೋಡೆಗೇ ಬೂಷ್ಟು ಹಿಡಿಯುವ ಊರಲ್ಲಿ ಇದೇನು ದೊಡ್ಡದಲ್ಲ. ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಊದದೇ ಬ್ರಷ್‌ನಿಂದ ತೆಗೆದೆ. ಬಾಯಿಂದ ಊದಿದರೆ ಉಗುಳಿನ ಹನಿ ಹೋಗುತ್ತೆ. ರಬ್ಬರ್ ಹಾಕಲೇಬಾರದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲೇ ಒರೆಸಬೇಕು ಅನ್ನುವವರಿದ್ದಾರೆ, ಅವರು ಹೇಳುವುದು ಸರಿಯೇ, ಆ ಲೇಪ ತುಂಬಾ ತೆಳು. ಭಾನುವಾರ ಡೊಂಬಿವಲಿಯಲ್ಲಿ ನನ್ನ ಹತ್ತಿರ ಇದ್ದದ್ದು ರಬ್ಬರ್. ಒಂದೇ ರ‍್ಯಾಮ್ ಹಾಕಿ ಆನ್ ಮಾಡಿದೆ. ಒಂದು ಚಿಕ್ಕ ಬೀಪ್, ಲೋಗೋ, ವಿಂಡೋಸ್. ಎರಡನೆಯದನ್ನೂ ಹಾಕಿದೆ, ಅದೂ ಸರಿ.

ಇಲ್ಲಿಗೇ ನಿಲ್ಲಿಸಿದ್ದರೆ ಹೀರೋ ಆಗಿರುತ್ತಿದ್ದೆ. ಆದರೆ ಗಡಿಯಾರ ಎರಡು ಗಂಟೆ ಹಿಂದೆ ಇತ್ತು. ಕೇಳಿದರೆ ಮಾವ, "ಅದು ಸುಮಾರು ದಿನದಿಂದ ಹಾಗೇ, ನಾನು ದಿನಾ ಬೆಳಿಗ್ಗೆ ಸರಿ ಮಾಡ್ತೇನೆ" ಅಂದರು, ಏನೋ ಗೋಡೆ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ! ರಾತ್ರಿ ಗೋಡೆಯ ಸ್ವಿಚ್ಚೇ ಆಫ್ ಮಾಡುವ ಅಭ್ಯಾಸ ಅವರಿಗೆ. ಆಗ ಗಡಿಯಾರ ಓಡುವುದು ಬೋರ್ಡ್ ಮೇಲಿನ ಬಿಲ್ಲೆ ಸೆಲ್‌ನಿಂದ. ಸಿಆರ್ 2032 ಅಂತ, 3 ವೋಲ್ಟಿನದು. (ಆ ನಂಬರಿನಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ.) ಅಳೆದರೆ 2.4 ಇತ್ತು. ಸ್ಟೇಷನ್ ಹತ್ತಿರದ ವಾಚ್ ಅಂಗಡಿಯಿಂದ ಹೊಸದು ತಂದು, ಪ್ಲಗ್ ಕಿತ್ತು, ಹಾಕಿದೆ.

ಆನ್ ಮಾಡಿದರೆ ನೀಲಿ ಪರದೆ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್, ಅಂದರೆ ಶುರು ಮಾಡಬೇಕಾದ ಡಿಸ್ಕ್ ಕೈಗೆ ಸಿಗುತ್ತಿಲ್ಲ.

ಮಾವ ನನ್ನ ಮುಖ ನೋಡಿದರು. ನಾನು ಪರದೆ ನೋಡಿದೆ. ಎರಡು ಸಲ ರೀಸ್ಟಾರ್ಟ್ ಮಾಡಿದೆ, ಆಟೋಮ್ಯಾಟಿಕ್ ರಿಪೇರಿ ಅಂತ ತಿರುಗಿ ತಿರುಗಿ ಸೋತಿತು. "ಈಗ ಬೋರ್ಡ್ ಹೋಯ್ತಾ?" ಅಂತ ಮಾವ ಮೆಲ್ಲಗೆ ಕೇಳಿದರು. ತಾಳಮದ್ದಳೆ ಟಿಪ್ಪಣಿ ಎಷ್ಟು ವರ್ಷದ್ದು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಚಹಾ ಕುಡಿಯುವಾಗ ಹೊಳೆಯಿತು. ಸೆಲ್ ಕಿತ್ತಾಗ ಬಯಾಸ್ ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗಿನ ಸ್ಥಿತಿಗೆ ಹೋಗಿದೆ. ಡಿಲೀಟ್ ಕೀ ಒತ್ತಿ ಒಳಗೆ ಹೋದರೆ ಅದೇ, ಸಾಟಾ ಮೋಡ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ) ಹಳೇ ಕಾಲದ ಐಡಿಇ ಅಂತ ಕೂತಿದೆ. ಎಸ್‌ಎಸ್‌ಡಿ ಹಾಕಿದವನು ಅದನ್ನು ಹೊಸ ರೀತಿಯ ಎಎಚ್‌ಸಿಐ ಮಾಡಿ ವಿಂಡೋಸ್ ಕೂರಿಸಿದ್ದ. ಮೋಡ್ ಬದಲಾದರೆ ವಿಂಡೋಸ್ ಶುರುವಿನಲ್ಲಿ ಎತ್ತಿಕೊಳ್ಳುವ ಡ್ರೈವರ್ ಬೇರೆಯಾಗುತ್ತೆ, ತನ್ನ ಡಿಸ್ಕೇ ಅದಕ್ಕೆ ಸಿಗುವುದಿಲ್ಲ. ಡಿಸ್ಕಿಗೆ ಏನೂ ಆಗಿರುವುದಿಲ್ಲ. ಎಷ್ಟೋ ಜನ ಇಲ್ಲಿ ಹೆದರಿ ಫಾರ್ಮ್ಯಾಟ್ ಹೊಡೆಯುತ್ತಾರೆ, ಅಲ್ವಾ? ಎಎಚ್‌ಸಿಐ ಮಾಡಿ, ಟೈಮ್ ಸರಿ ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆ. ವಿಂಡೋಸ್ ಏನೂ ಆಗಿಲ್ಲ ಅನ್ನುವ ಹಾಗೆ ಬಂತು.

ಸೆಲ್ ಕೀಳುವ ಮೊದಲು ಬಯಾಸ್ ಪುಟಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟಿದ್ದರೆ ಈ ಒಂದು ಗಂಟೆ ಉಳಿಯುತ್ತಿತ್ತು. ಬೇರೆಯವರಿಗೆ ನಾನೇ ಹೇಳುವ ಮಾತು ಅದು. ರಿಪೇರಿಯವನ ಮೇಲಿನ ಸಿಟ್ಟು ಅಷ್ಟೊತ್ತಿಗೆ ಸ್ವಲ್ಪ ಇಳಿದಿತ್ತು.

ಟಿಪ್ಪಣಿ ಫೋಲ್ಡರ್ ಪೆನ್ ಡ್ರೈವ್‌ಗೆ ಕಾಪಿ ಮಾಡಿ ಅತ್ತೆಯ ಕೈಗೆ ಕೊಟ್ಟೆ, ಮಾವನ ಕೈಗಲ್ಲ. ಸ್ಪೀಕರ್ ಅಲ್ಲೇ ಬಿಟ್ಟು ಬಂದೆ. ಇನ್ನು ಪ್ರೊಸೆಸರ್‌ನ ಬಿಸಿ ಸಾಗಿಸಲಿಕ್ಕೆ ಅದರ ಮೇಲೆ ಹಚ್ಚುವ ಪೇಸ್ಟ್ ಒಣಗಿ ಹೋಗಿದೆ, ಅದೊಂದು ಬಾಕಿ. ಮುಂದಿನ ಶನಿವಾರ ದಾದರ್‌ನಲ್ಲಿ ಇಳಿದು, ವೆಸ್ಟರ್ನ್ ಲೈನಿನ ಸ್ಲೋ ಹಿಡಿದು, ಲ್ಯಾಮಿಂಗ್ಟನ್ ರೋಡಿಗೆ ಹತ್ತಿರದ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹೋಗಿ ಹೊಸದು ತರಬೇಕು. ಆ ಆಲ್ಕೋಹಾಲ್ ಬಾಟಲಿಯನ್ನೂ.